ಬೂಷ್ಟು ಹಿಡಿದ ಶೇಂಗಾ: ತೊಳೆದು ಹುರಿದರೆ ತಿನ್ನಬಹುದೇ?

ಪ್ರಶ್ನೆ: ನಮ್ಮದು ಚಳ್ಳಕೆರೆ ತಾಲ್ಲೂಕು. ಈ ಸಲ ಕೊಯ್ಲಿಗೆ ಸರಿಯಾಗಿ ಮಳೆ ಹಿಡಿದು ಶೇಂಗಾ ಪೂರ್ತಿ ಒಣಗಲಿಲ್ಲ. ಹಾಗೇ ಚೀಲ ತುಂಬಿಟ್ಟಿದ್ದೆವು. ಈಗ ಬಿಚ್ಚಿ ನೋಡಿದರೆ ಕೆಲವು ಕಾಯಿಗಳ ಮೇಲೆ ಹಳದಿ ಮಿಶ್ರಿತ ಹಸಿರು ಬೂಷ್ಟು. ತೊಳೆದು, ಬಿಸಿಲಿಗೆ ಹಾಕಿ, ಹುರಿದರೆ ಏನೂ ಆಗುವುದಿಲ್ಲ ಎನ್ನುತ್ತಾರೆ ಅತ್ತೆಯವರು. ತೀರಾ ಕೆಟ್ಟದ್ದನ್ನು ಗಾಣಕ್ಕೆ ಹಾಕಿಸಿ, ಹಿಂಡಿಯನ್ನು ಎಮ್ಮೆಗೆ ಕೊಡೋಣ ಎನ್ನುತ್ತಾರೆ ಮನೆಯವರು. ಪೆನಿಸಿಲಿನ್ ಔಷಧಿ ಬಂದದ್ದೂ ಬೂಷ್ಟಿನಿಂದಲೇ ಅಲ್ಲವೇ? ಹಾಗಿದ್ದರೆ ಇದು ಅಷ್ಟೊಂದು ಅಪಾಯವೇ?

ಉತ್ತರ: ಬೂಷ್ಟು ಕಂಡ ಕಾಯಿಗಳನ್ನು ನೀವೂ ತಿನ್ನಬೇಡಿ, ಎಮ್ಮೆಗೂ ಹಾಕಬೇಡಿ. ಹುರಿದರೆ ಬೂಷ್ಟು ಸಾಯುತ್ತದೆ, ಅತ್ತೆಯವರು ಹೇಳುವುದು ಅಷ್ಟರ ಮಟ್ಟಿಗೆ ನಿಜ. ಆದರೆ ಸಾಯುವ ಮೊದಲು ಅದು ಕಾಳಿನೊಳಗೆ ಬಿಟ್ಟ ವಿಷ ಹುರಿದರೂ ಉಳಿಯುತ್ತದೆ. ಹಾಗೆಂದು ಇಡೀ ಚೀಲವನ್ನು ಈಗಲೇ ಸುರಿದುಬಿಡಬೇಕಾಗಿಲ್ಲ. ಆರಿಸಿ ಉಳಿಸಿಕೊಳ್ಳುವ ದಾರಿಯನ್ನು ಮುಂದೆ ಬರೆದಿದ್ದೇನೆ. ಅದಕ್ಕೂ ಮೊದಲು ಈ ಜೀವಿ ಕಾಳಿನೊಳಗೆ ಏನು ಮಾಡುತ್ತದೆ ಎಂಬುದು ತಿಳಿದಿರಬೇಕು. ಇಲ್ಲದಿದ್ದರೆ ಕಣ್ಣಿಗೆ ಕಾಣುವುದನ್ನಷ್ಟೇ ಒರೆಸಿ ಸಮಾಧಾನ ಪಟ್ಟುಕೊಳ್ಳುತ್ತೇವೆ.

ಬೂಷ್ಟು ಶಿಲೀಂಧ್ರಗಳ ಗುಂಪಿಗೆ ಸೇರಿದ್ದು. ಅದರಲ್ಲಿ ಗಿಡದ ಹಸಿರಿಲ್ಲ, ಹಾಗಾಗಿ ಬಿಸಿಲಿನಿಂದ ಆಹಾರ ಮಾಡಿಕೊಳ್ಳಲಾರದು. ಪ್ರಾಣಿಗಳಂತೆ ನುಂಗಿ ಅರಗಿಸಿಕೊಳ್ಳಲೂ ಆಗದು. ಅದು ಕೂತ ಜಾಗಕ್ಕೇ ಕಿಣ್ವಗಳನ್ನು ಸುರಿಸಿ, ಪಿಷ್ಟ, ಎಣ್ಣೆ, ಪ್ರೋಟೀನುಗಳನ್ನು ಹೊರಗೇ ಕರಗಿಸಿ, ಕರಗಿದ್ದನ್ನು ಹೀರಿಕೊಳ್ಳುತ್ತದೆ. ಅದರ ಮೈಯೆಲ್ಲ ಎಳೆಗಳು. ಒಂದು ಎಳೆಯ ದಪ್ಪ ಮಿಲಿಮೀಟರಿನ ಸಾವಿರದ ಒಂದು ಭಾಗವನ್ನು ಅಳತೆಯಾಗಿ ಹಿಡಿದರೆ ಅಂಥ ಎರಡರಿಂದ ಹತ್ತು ಭಾಗ ಅಷ್ಟೇ. ತಲೆಗೂದಲು ಇದಕ್ಕಿಂತ ಎಷ್ಟೋ ದಪ್ಪ. ಇಷ್ಟು ಸಣ್ಣ ಎಳೆಗಳು ತುದಿಯಲ್ಲಿ ಬೆಳೆಯುತ್ತ, ಕವಲೊಡೆಯುತ್ತ ಆಹಾರದೊಳಗೆ ಜಾಲ ಹೆಣೆಯುತ್ತವೆ. ನಾವು ಬೂಷ್ಟು ಎಂದು ಗುರುತಿಸುವ ಹಸಿರು, ಹಳದಿ, ಕಪ್ಪು ಪುಡಿ ಆ ಜಾಲವಲ್ಲ. ಜಾಲ ಚೆನ್ನಾಗಿ ಬಲಿತ ಮೇಲೆ ಗಾಳಿಗೆ ತೂರಲು ಮೇಲಕ್ಕೆತ್ತಿದ ಬೀಜಾಣುಗಳ ರಾಶಿ ಅದು. ಬಣ್ಣ ಕಂಡಾಗಲೇ ಒಳಗೆ ಅದು ಹಲವು ದಿನ ಉಂಡಿರುತ್ತದೆ. ಆ ಪುಡಿಯನ್ನು ಒರೆಸುವುದೆಂದರೆ ಹೊಲದಲ್ಲಿ ಗರಿಕೆಯ ತೆನೆ ಚಿವುಟಿ, ಬೇರು ಬಿಟ್ಟ ಹಾಗೆ.

ಬೀಜಾಣು ಇಲ್ಲದ ಗಾಳಿ ಇಲ್ಲ, ಮಣ್ಣಿಲ್ಲ, ಅಡುಗೆಮನೆಯಿಲ್ಲ. ಆದ್ದರಿಂದ ಬೂಷ್ಟು ಬರುವುದೋ ಬಿಡುವುದೋ ಬೀಜಾಣುವಿನ ಮೇಲೆ ನಿಂತಿಲ್ಲ, ನೀರಿನ ಮೇಲೆ ನಿಂತಿದೆ. ಇಲ್ಲಿ ಲೆಕ್ಕಕ್ಕೆ ಬರುವುದು ಆಹಾರದಲ್ಲಿರುವ ಒಟ್ಟು ನೀರಲ್ಲ, ಬೂಷ್ಟಿನ ಕೈಗೆ ಎಟಕುವ ನೀರು. ಇದನ್ನು 0 ಯಿಂದ 1 ರವರೆಗಿನ ಅಳತೆಯಲ್ಲಿ ಹೇಳುತ್ತಾರೆ. ಶುದ್ಧ ನೀರಿಗೆ 1. ಈ ಅಳತೆ 0.7ಕ್ಕಿಂತ ಕೆಳಗಿದ್ದರೆ ಕಾಳುಕಡಿಗಳನ್ನು ಕೆಡಿಸುವ ಹೆಚ್ಚಿನ ಬೂಷ್ಟುಗಳು ಏಳುವುದಿಲ್ಲ. ನಿಮ್ಮ ಶೇಂಗಾದ ಮೇಲಿರುವ ಹಳದಿ ಹಸಿರಿನದು ಬಹುಮಟ್ಟಿಗೆ ಆಸ್ಪರ್ಜಿಲಸ್ ಫ್ಲೇವಸ್ ಇರಬೇಕು. ಅದು ಬೆಳೆಯಲು ಸುಮಾರು 0.8 ಬೇಕು, ವಿಷ ತಯಾರಿಸಲು ಇನ್ನೂ ಸ್ವಲ್ಪ ಹೆಚ್ಚು ಬೇಕು. 25ರಿಂದ 35 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹದವಾದ ಶಾಖ, ಅಂದರೆ ನಮ್ಮೂರುಗಳ ಸಾಮಾನ್ಯ ದಿನ.

ಶೇಂಗಾ ಬೆಳೆಗಾರರು ಬಹಳಷ್ಟು ಜನ ಎಡವುವುದು ಇಲ್ಲೇ. ಮೆಕ್ಕೆಜೋಳವನ್ನು ಶೇ. 13 ತೇವಕ್ಕೆ ಒಣಗಿಸಿಟ್ಟರೆ ಸುರಕ್ಷಿತ. ಅದೇ ಲೆಕ್ಕದಲ್ಲಿ ಶೇಂಗಾ ಬೀಜವನ್ನು ಶೇ. 10ಕ್ಕೆ ಒಣಗಿಸಿ, ಇನ್ನೂ ಒಣಗಿದೆ ಎಂದುಕೊಂಡು ಇಟ್ಟರೆ ಬೂಷ್ಟು ಬಂದೇ ಬರುತ್ತದೆ. ಕಾರಣ ಎಣ್ಣೆ. ಶೇಂಗಾ ಬೀಜದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆ, ಎಣ್ಣೆಯಲ್ಲಿ ನೀರು ನಿಲ್ಲದು. ಇರುವ ನೀರೆಲ್ಲ ಉಳಿದರ್ಧ ಭಾಗದಲ್ಲೇ ಸೇರಿಕೊಳ್ಳುತ್ತದೆ, ಅಲ್ಲಿ ಬೂಷ್ಟಿಗೆ ಬೇಕಾದಷ್ಟಾಗುತ್ತದೆ. ಹಾಗಾಗಿ ಶೇಂಗಾ ಬೀಜಕ್ಕೆ ಶೇ. 7, ಸಿಪ್ಪೆ ಸಹಿತ ಕಾಯಿಗೆ ಶೇ. 8, ಕೊಬ್ಬರಿಗೆ ಶೇ. 6. ಎಣ್ಣೆ ಹೆಚ್ಚಿದಷ್ಟೂ ಒಣಗಿಸುವುದು ಹೆಚ್ಚಬೇಕು.

ಇನ್ನು ವಿಷದ ಮಾತು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತ ಹೋದಾಗ ಅವು ತಿಂದಿದ್ದ ಬ್ರೆಜಿಲ್‌ನ ಶೇಂಗಾ ಹಿಂಡಿಯಲ್ಲಿ ಈ ಬೂಷ್ಟು, ಅದರ ವಿಷ ಸಿಕ್ಕಿತು. ಆಸ್ಪರ್ಜಿಲಸ್ ಫ್ಲೇವಸ್‌ನ ಹೆಸರಿನಿಂದಲೇ ಅದಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಿಟ್ಟರು. ಮನುಷ್ಯರಿಗೆ ಇದು ಏನು ಮಾಡಬಲ್ಲದು ಎಂಬುದನ್ನು ನಮ್ಮ ದೇಶವೇ ಕಂಡಿದೆ. 1974ರ ಕೊನೆಯಲ್ಲಿ ರಾಜಸ್ಥಾನದ ಬಾಂಸವಾಡಾ, ಗುಜರಾತಿನ ಪಂಚಮಹಲ್ ಜಿಲ್ಲೆಗಳ ಹಳ್ಳಿಗಳಲ್ಲಿ ಅಕಾಲ ಮಳೆಗೆ ನೆಂದ ಮೆಕ್ಕೆಜೋಳ ಉಂಡವರಿಗೆ ಕಾಮಾಲೆ ಬಂತು, ಹೊಟ್ಟೆಯಲ್ಲಿ ನೀರು ತುಂಬಿತು. ಸುಮಾರು 400 ಜನ ಕಾಯಿಲೆ ಬಿದ್ದರು, 106 ಜನ ತೀರಿಕೊಂಡರು. ಅದೇ ಮೆಕ್ಕೆಜೋಳ ತಿಂದ ಮನೆಯ ನಾಯಿಗಳು ಅವರಿಗಿಂತ ಮೊದಲೇ ಸತ್ತಿದ್ದವು.

ಅಷ್ಟು ದೊಡ್ಡ ಪ್ರಮಾಣ ಎಲ್ಲರ ಮನೆಯಲ್ಲೂ ಇರುವುದಿಲ್ಲ. ಹೆಚ್ಚು ಮನೆಗಳಲ್ಲಿ ಆಗುವುದು ದಿನವೂ ಚೂರುಚೂರು ಒಳಗೆ ಹೋಗುವುದು. ಪಿತ್ತಜನಕಾಂಗ ಅಫ್ಲಾಟಾಕ್ಸಿನ್ ಬಗೆಗಳಲ್ಲೇ ಬಹಳ ಕೆಟ್ಟದಾದ ಬಿ1 ಅನ್ನು ಹೊರಹಾಕಲು ಹೋಗಿ ಅದನ್ನು ಇನ್ನಷ್ಟು ಚುರುಕಾದ ರೂಪಕ್ಕೆ ತಿರುಗಿಸುತ್ತದೆ. ಆ ರೂಪ ಜೀವಕೋಶದ ಡಿಎನ್‌ಎಗೆ ಅಂಟಿಕೊಂಡು ಅದನ್ನು ಕೆಡಿಸುತ್ತದೆ. ವರ್ಷಗಟ್ಟಲೆ ಹೀಗೆ ನಡೆದರೆ ಪಿತ್ತಜನಕಾಂಗದ ಕ್ಯಾನ್ಸರ್ ಬರಬಹುದು. ಹೆಪಟೈಟಿಸ್ ಬಿ ಸೋಂಕು ಇರುವವರಲ್ಲಿ ಆ ಅಪಾಯ ಹಲವು ಪಟ್ಟು ಏರುತ್ತದೆ. ಮಕ್ಕಳಿಗೆ ಹೆಪಟೈಟಿಸ್ ಬಿ ಲಸಿಕೆ ತಪ್ಪದೆ ಹಾಕಿಸಿ ಎನ್ನುವುದಕ್ಕೆ ಶೇಂಗಾ, ಮೆಕ್ಕೆಜೋಳ ಹೆಚ್ಚು ತಿನ್ನುವ ಊರುಗಳಲ್ಲಿ ಇದೂ ಒಂದು ಬಲವಾದ ಕಾರಣ.

ಅತ್ತೆಯವರು ಹೇಳಿದ ಮೂರು ಉಪಾಯಗಳನ್ನು ಒಂದೊಂದಾಗಿ ನೋಡೋಣ. ತೊಳೆದರೆ ಮೇಲಿನ ಪುಡಿ ಹೋಗುತ್ತದೆ, ಒಳಗಿನ ವಿಷ ಹೋಗದು. ಅದು ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಮೇಲಾಗಿ ಒಣಗಬೇಕಾದ ಕಾಯಿಗೆ ಮತ್ತೆ ನೀರು ಕುಡಿಸಿದಂತಾಗುತ್ತದೆ. ಬಿಸಿಲಿನಲ್ಲಿ ಸ್ವಲ್ಪ ಸತ್ಯವಿದೆ. ಎಣ್ಣೆಯಲ್ಲಿ ಕರಗಿರುವ ಅಫ್ಲಾಟಾಕ್ಸಿನ್ ನೇರ ಬಿಸಿಲಿಗೆ ಒಡೆಯುತ್ತದೆ. ಆದರೆ ಇಡೀ ಕಾಳಿನ ಒಳಕ್ಕೆ ಬೆಳಕು ಇಳಿಯುವುದಿಲ್ಲ. ಬಿಸಿಲು ಅಲ್ಲಿ ನೀರು ತೆಗೆದು ಬೂಷ್ಟಿನ ಬೆಳವಣಿಗೆ ನಿಲ್ಲಿಸಬಲ್ಲದು ಅಷ್ಟೆ. ಹುರಿಯುವುದರಿಂದ ವಿಷ ಒಂದಿಷ್ಟು ತಗ್ಗುತ್ತದೆ, ಪೂರ್ತಿ ಹೋಗದು. ಅಫ್ಲಾಟಾಕ್ಸಿನ್ ಬಿ1 ಪೂರ್ತಿ ಒಡೆಯಲು 260 ಡಿಗ್ರಿಗೂ ಮೀರಿದ ಶಾಖ ಬೇಕು, ಅಷ್ಟಕ್ಕೆ ಶೇಂಗಾ ಇದ್ದಿಲಾಗಿರುತ್ತದೆ. ಕುಕ್ಕರಿನ ಶಾಖ 120 ಡಿಗ್ರಿ, ಅದರಿಂದಲೂ ವಿಷ ಪೂರ್ತಿ ಹೋಗದು.

ಈಗ ಚೀಲ. ಅಂಗಳದಲ್ಲಿ, ಗಾಳಿಗೆ ಬೆನ್ನು ಮಾಡಿ ಕೂತು, ಮೂಗಿಗೆ ಎನ್-95 ಮಾಸ್ಕ್ ಹಾಕಿ ಆರಿಸಿ. ಮೂಸಿ ನೋಡಬೇಡಿ. ಅಸ್ತಮಾ ಇರುವವರು, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರು, ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಈ ಕೆಲಸಕ್ಕೆ ಕೂರಲೇಬಾರದು. 2021ರಲ್ಲಿ ಕೋವಿಡ್ ಜೊತೆಗೆ ನಾವು ಕಂಡ ಕಪ್ಪು ಶಿಲೀಂಧ್ರ ರೋಗ ಬೇರೆ ಬೂಷ್ಟುಗಳಿಂದ ಬಂದದ್ದು ನಿಜ, ಆದರೆ ಅದು ಹಿಡಿದದ್ದು ಹೆಚ್ಚಾಗಿ ಸಕ್ಕರೆ ಕಾಯಿಲೆಯವರನ್ನು, ಸ್ಟೀರಾಯ್ಡ್ ತೆಗೆದುಕೊಂಡವರನ್ನೇ.

ಮೊದಲ ಸುತ್ತಿನಲ್ಲಿ ಬೂಷ್ಟು ಕಂಡ ಕಾಯಿ, ಒಡೆದ ಕಾಯಿ, ಗೆದ್ದಲು ಕೆರೆದ ಕಾಯಿ, ಕಪ್ಪಾದ ಕಾಯಿ ತೆಗೆದುಹಾಕಿ. ಸಿಪ್ಪೆಗೆ ಗಾಯವಾದಲ್ಲೇ ಬೂಷ್ಟು ಒಳಹೊಕ್ಕಿರುವುದು ಹೆಚ್ಚು. ಉಳಿದದ್ದನ್ನು ಒಣದಾಗಿಯೇ ಕೈಯಲ್ಲಿ ಸುಲಿಯಿರಿ. ಸುಲಿಯಲು ಸುಲಭವಾಗಲಿ ಎಂದು ನೀರು ಚಿಮುಕಿಸುವ ರೂಢಿ ಹಲವು ಕಡೆ ಇದೆ. ವಿಷ ಹೆಚ್ಚಿಸಲು ಅದಕ್ಕಿಂತ ಹತ್ತಿರದ ದಾರಿ ಬೇರಿಲ್ಲ. ಎರಡನೇ ಸುತ್ತಿನಲ್ಲಿ ಮುರುಟಿದ, ಸಣ್ಣ, ಬಣ್ಣಗೆಟ್ಟ, ಮೇಲ್ಸಿಪ್ಪೆ ಬಿರಿದ ಬೀಜ ತೆಗೆಯಿರಿ. ಒಂದು ಹಿಡಿ ಬೀಜವನ್ನು ಎರಡು ಹೋಳು ಮಾಡಿ ನಡುವೆ ನೋಡಿ, ಬೂಷ್ಟು ಎಷ್ಟೋ ಸಲ ಅಲ್ಲೇ ಅಡಗಿರುತ್ತದೆ. ಮೂರನೆಯ ಸುತ್ತು ಹುರಿದ ಮೇಲೆ. ಸಿಪ್ಪೆ ಉಜ್ಜಿ ತೆಗೆದಾಗ ಬೇರೆಲ್ಲ ಕಾಳಿಗಿಂತ ಕಂದಾಗಿ ಕಾಣುವುದನ್ನು ಬಿಸಾಡಿ. ತಿನ್ನುವಾಗ ಕಹಿಯೋ ಮುಗ್ಗಲೋ ಸಿಕ್ಕರೆ ನುಂಗದೆ ಉಗಿಯಿರಿ.

ಇಷ್ಟು ಪಾಡು ಏಕೆಂದರೆ ಈ ವಿಷ ಚೀಲದ ತುಂಬ ಸಮನಾಗಿ ಹರಡಿರುವುದಿಲ್ಲ. ಸಾವಿರ ಕಾಳು ಶುದ್ಧವಿದ್ದು, ಒಂದೇ ಕಾಳಿನಲ್ಲಿ ಇಡೀ ಮಣದ ಲೆಕ್ಕ ಕೆಡಿಸುವಷ್ಟು ಇರಬಹುದು. ಆರಿಸುವ ಕೆಲಸ ಫಲ ಕೊಡುವುದೂ ಇದೇ ಕಾರಣಕ್ಕೆ, ಕೆಟ್ಟದ್ದೆಲ್ಲ ಕೆಲವೇ ಕಾಳುಗಳಲ್ಲಿ ಕೂತಿರುತ್ತದೆ. ಆದರೆ ಮೊದಲ ಸುತ್ತಿನಲ್ಲೇ ಹತ್ತಕ್ಕೆ ಒಂದು ಕಾಯಿ ಕೆಟ್ಟದ್ದು ಸಿಗುತ್ತಿದ್ದರೆ ನನ್ನ ಅಭಿಪ್ರಾಯದಲ್ಲಿ ಆ ಚೀಲದ ಆಸೆ ಬಿಡಬೇಕು. ಆರಿಸಿ ಉಳಿದದ್ದನ್ನೂ ಚಿಕ್ಕ ಮಕ್ಕಳಿಗೆ, ಗರ್ಭಿಣಿಯರಿಗೆ, ಕಾಮಾಲೆ ಆಗಿದ್ದವರಿಗೆ ಕೊಡಬೇಡಿ. ಪ್ರಯೋಗಾಲಯಕ್ಕೆ ಕಳಿಸುವುದಾದರೆ ಒಂದು ಹಿಡಿ ಕಳಿಸಿ ಪ್ರಯೋಜನವಿಲ್ಲ; ಚೀಲದ ಮೇಲೆ, ನಡುವೆ, ತಳ, ಅಂಚು ಎಲ್ಲ ಕಡೆಯಿಂದ ಸೇರಿಸಿ ಐದು ಕೆಜಿಯಷ್ಟಾದರೂ ತೆಗೆದು ಪೂರ್ತಿ ಪುಡಿ ಮಾಡಿಸಿ ಬೆರೆಸಿದ ಮೇಲಿನ ಪರೀಕ್ಷೆಗಷ್ಟೇ ಬೆಲೆ. ನೇರಳಾತೀತ ಟಾರ್ಚ್ ಬೆಳಕಿನಲ್ಲಿ ಹೊಳೆದರೆ ವಿಷ ಎಂದು ಹೇಳುವ ವಿಡಿಯೊಗಳನ್ನು ನಂಬಬೇಡಿ. ಮೆಕ್ಕೆಜೋಳದಲ್ಲಿ ಅದು ಒಂದು ಸುಳಿವು ಮಾತ್ರ, ಶೇಂಗಾದಲ್ಲಿ ಅದೂ ಅಲ್ಲ.

ಗಾಣದ ವಿಷಯಕ್ಕೆ ಬಂದರೆ, ವಿಷದ ಹೆಚ್ಚಿನ ಪಾಲು ಹಿಂಡಿಯಲ್ಲಿ ಉಳಿಯುತ್ತದೆ, ಸ್ವಲ್ಪ ಎಣ್ಣೆಗೂ ಬರುತ್ತದೆ. ಕಾರ್ಖಾನೆಯ ರಿಫೈನ್ಡ್ ಎಣ್ಣೆಯಲ್ಲಿ ಕ್ಷಾರ ಮತ್ತು ಬಿಳುಪು ಮಣ್ಣಿನ ಹಂತಗಳು ಅದನ್ನು ತೆಗೆದುಹಾಕುತ್ತವೆ. ಗಾಣದೆಣ್ಣೆಗೆ ಆ ಹಂತಗಳಿಲ್ಲ. ಗಾಣದೆಣ್ಣೆ ಕೆಟ್ಟದ್ದು ಎಂದು ಇದರ ಅರ್ಥವಲ್ಲ. ಗಾಣಕ್ಕೆ ಹಾಕುವ ಬೀಜ ತಿನ್ನುವ ಬೀಜದಷ್ಟೇ ಚೊಕ್ಕವಾಗಿರಬೇಕು ಎಂದರ್ಥ. ಕೆಟ್ಟದ್ದನ್ನು ಗಾಣಕ್ಕೆ ಹಾಕೋಣ ಎಂಬ ಯೋಚನೆಯೇ ತಲೆಕೆಳಗಾದದ್ದು.

ಎಮ್ಮೆಗೆ ಹಾಕಿದರೆ ಆ ವಿಷ ಹಾಲಿನ ದಾರಿಯಲ್ಲಿ ಮತ್ತೆ ನಿಮ್ಮ ಮನೆಗೇ ಬರುತ್ತದೆ. ತಿಂದ ಬಿ1ರಲ್ಲಿ ಶೇ. 1ರಿಂದ 6ರಷ್ಟು ಎಂ1 ಎಂಬ ರೂಪದಲ್ಲಿ ಹಾಲಿಗೆ ಇಳಿಯುತ್ತದೆ. ಒಂದು ಲೆಕ್ಕ ಹಾಕಿ: ಕೆಜಿಗೆ 100 ಮೈಕ್ರೋಗ್ರಾಂ ವಿಷವಿರುವ ಹಿಂಡಿ ದಿನಕ್ಕೆ 2 ಕೆಜಿ ತಿಂದರೆ 200 ಮೈಕ್ರೋಗ್ರಾಂ. ಅದರ ಶೇ. 2 ಹಾಲಿಗೆ ಬಂದರೆ 4 ಮೈಕ್ರೋಗ್ರಾಂ. ಎಮ್ಮೆ 6 ಲೀಟರ್ ಕೊಟ್ಟರೆ ಲೀಟರಿಗೆ ಸುಮಾರು 0.67. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಹಾಲಿಗೆ ಇಟ್ಟಿರುವ ಮಿತಿ ಕೆಜಿಗೆ 0.5. ಕಾಯಿಸಿದರೂ, ಹೆಪ್ಪು ಹಾಕಿದರೂ ಅದು ಹೋಗುವುದಿಲ್ಲ. ಆ ಹಾಲು ಮೊದಲು ಸೇರುವುದು ಮನೆಯ ಮಗುವಿನ ಹೊಟ್ಟೆಗೆ. ಈಗಾಗಲೇ ಅಂಥ ಮೇವು ಹಾಕಿದ್ದರೆ ಇವತ್ತೇ ನಿಲ್ಲಿಸಿ. ಮೂರ್ನಾಲ್ಕು ದಿನಗಳಲ್ಲಿ ಹಾಲು ತಿಳಿಯಾಗುತ್ತದೆ. ಕೋಳಿ, ಬಾತುಗಳಿಗೂ ಹಾಕುವಂತಿಲ್ಲ, ಅದರಲ್ಲೂ ಬಾತುಮರಿಗಳು ಈ ವಿಷವನ್ನು ಒಂದಿಷ್ಟೂ ತಾಳಲಾರವು.

ಪೆನಿಸಿಲಿನ್ ಬಗ್ಗೆ ಕೇಳಿದ್ದೀರಿ, ಅದು ಒಳ್ಳೆಯ ಪ್ರಶ್ನೆ. ಬೂಷ್ಟು ಬೆಳೆಯಲು ಬೇಕಾದ ವಸ್ತುಗಳ ಜೊತೆಗೆ, ಬೆಳವಣಿಗೆ ನಿಧಾನವಾಗುವ ಹೊತ್ತಿಗೆ ಬೇರೆ ಕೆಲವು ವಸ್ತುಗಳನ್ನೂ ತಯಾರಿಸುತ್ತದೆ. ಮಣ್ಣಿನಲ್ಲಿ ಒಂದೇ ತುತ್ತಿಗೆ ಬ್ಯಾಕ್ಟೀರಿಯಾ, ಹುಳು, ಬೇರೆ ಶಿಲೀಂಧ್ರಗಳು ಪೈಪೋಟಿ ನಡೆಸುತ್ತವೆ. ಅಲ್ಲಿ ಇಂಥ ವಸ್ತುಗಳಿಗೆ ಉಪಯೋಗವಿದೆ. ಅಫ್ಲಾಟಾಕ್ಸಿನ್ ಮತ್ತು ಪೆನಿಸಿಲಿನ್ ಎರಡೂ ಈ ಜಾತಿಯವೇ. ಒಂದು ನಮ್ಮ ಪಿತ್ತಜನಕಾಂಗವನ್ನು ಕೆಡಿಸುತ್ತದೆ. ಇನ್ನೊಂದು ಬ್ಯಾಕ್ಟೀರಿಯಾದ ಹೊರಗೋಡೆ ಕಟ್ಟುವ ಕೆಲಸವನ್ನು ತಡೆಯುತ್ತದೆ. ಆ ಬಗೆಯ ಗೋಡೆ ನಮ್ಮ ಜೀವಕೋಶಗಳಿಗೆ ಇಲ್ಲವೇ ಇಲ್ಲ, ಆದ್ದರಿಂದ ಅಲರ್ಜಿ ಇಲ್ಲದವರಿಗೆ ಅದು ಸೌಮ್ಯ.

ಆದರೆ ಬೂಷ್ಟು ಔಷಧಿಯಾದದ್ದು ಸುಲಭದಲ್ಲಿ ಅಲ್ಲ. 1928ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿಯಂ ಬೂಷ್ಟಿನ ಸುತ್ತ ಬ್ಯಾಕ್ಟೀರಿಯಾ ಕರಗಿದ್ದನ್ನು ಕಂಡರು. ವಸ್ತುವನ್ನು ಶುದ್ಧವಾಗಿ ಬೇರ್ಪಡಿಸಲು ಅವರಿಗೆ ಆಗಲಿಲ್ಲ. ಹನ್ನೆರಡು ವರ್ಷ ಕಳೆದ ಮೇಲೆ ಆಕ್ಸ್‌ಫರ್ಡಿನಲ್ಲಿ ಫ್ಲೋರಿ, ಚೈನ್, ಹೀಟ್ಲಿ ಅದನ್ನು ಸಾಧಿಸಿದರು. 1941ರಲ್ಲಿ ಮೊದಲು ಅದನ್ನು ಪಡೆದ ಪೊಲೀಸ್ ಪೇದೆ ಚೇತರಿಸಿಕೊಳ್ಳುತ್ತಿದ್ದಾಗ ಔಷಧಿ ಮುಗಿದುಹೋಯಿತು. ಅವರ ಮೂತ್ರದಿಂದ ಮತ್ತೆ ತೆಗೆದು ಕೊಟ್ಟರೂ ಸಾಲದೆ ಅವರು ತೀರಿಕೊಂಡರು. ಆಮೇಲೆ ಅಮೆರಿಕದ ಪಿಯೋರಿಯಾದಲ್ಲಿ ಮಾರುಕಟ್ಟೆಯ ಒಂದು ಕರಬೂಜ ಹಣ್ಣಿನ ಮೇಲೆ ಹೆಚ್ಚು ಇಳುವರಿ ಕೊಡುವ ತಳಿ ಸಿಕ್ಕಿತು. ಮೆಕ್ಕೆಜೋಳ ನೆನೆಸಿದ ನೀರನ್ನು ಅದಕ್ಕೆ ಆಹಾರವಾಗಿ ಕೊಟ್ಟು, ಕ್ಷಕಿರಣ ಹಾಯಿಸಿ ತಳಿಯನ್ನು ಇನ್ನಷ್ಟು ಬದಲಿಸಿ ಇಳುವರಿ ಏರಿಸಿದರು. ಪುಣೆ ಬಳಿಯ ಪಿಂಪ್ರಿಯಲ್ಲಿ 1954ರಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಸ್ಥಾಪನೆಯಾಗಿ ನಮ್ಮಲ್ಲೂ ಪೆನಿಸಿಲಿನ್ ತಯಾರಿಕೆ ಶುರುವಾಯಿತು. ಯಾವ ತಳಿ, ಯಾವ ಆಹಾರ, ಎಷ್ಟು ಗಾಳಿ, ಕೊನೆಗೆ ಯಾವ ವಸ್ತುವನ್ನಷ್ಟೇ ಸೋಸಿ ತೆಗೆಯುವುದು ಎಂಬ ಹಿಡಿತವೇ ಅಲ್ಲಿ ಔಷಧಿ. ಬ್ರೆಡ್ಡಿನ ಮೇಲಿನ ಹಸಿರು ತಿಂದರೆ ಪೆನಿಸಿಲಿನ್ ಸಿಗುತ್ತದೆ ಎಂಬುದು ಅಪಾಯದ ನಂಬಿಕೆ. ಅದು ಯಾವ ಬೂಷ್ಟು, ಏನು ತಯಾರಿಸಿದೆ ಎಂದು ಕಣ್ಣಿನಿಂದ ಹೇಳಲಾಗದು.

ತಳಿಯ ಮಾತು ಎಷ್ಟು ಮುಖ್ಯ ಎನ್ನುವುದಕ್ಕೆ ನಿಮ್ಮ ಚೀಲದ ಬೂಷ್ಟಿನ ಸಂಬಂಧಿಯೇ ಸಾಕ್ಷಿ. ಜಪಾನಿನಲ್ಲಿ ಸೋಯಾ ಸಾಸ್, ಮಿಸೊ ಮಾಡಲು ಬಳಸುವ ಆಸ್ಪರ್ಜಿಲಸ್ ಒರೈಜೆ ಇದರ ತೀರ ಹತ್ತಿರದ ನೆಂಟ. ನೂರಾರು ವರ್ಷ ಜನರ ಕೈಯಲ್ಲಿ ಬೆಳೆದ ಆ ತಳಿಗಳು ಅಫ್ಲಾಟಾಕ್ಸಿನ್ ತಯಾರಿಸುವುದಿಲ್ಲ, ಪಿಷ್ಟ ಮತ್ತು ಪ್ರೋಟೀನ್ ಕರಗಿಸುವ ಕಿಣ್ವಗಳನ್ನು ಮಾತ್ರ ಧಾರಾಳವಾಗಿ ಕೊಡುತ್ತವೆ. ದಿನಸಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ನಿಂಬೆಹಣ್ಣಿನಿಂದ ಬಂದದ್ದಲ್ಲ; ಆಸ್ಪರ್ಜಿಲಸ್ ನೈಜರ್ ಎಂಬ ಕಪ್ಪು ಬೂಷ್ಟಿಗೆ ಸಕ್ಕರೆ ಉಣಿಸಿ ತೆಗೆದದ್ದು. ಕೊಲೆಸ್ಟ್ರಾಲ್ ಇಳಿಸುವ ಲೋವಾಸ್ಟಾಟಿನ್, ಅಂಗ ಕಸಿಯ ನಂತರ ಕೊಡುವ ಸೈಕ್ಲೋಸ್ಪೋರಿನ್, ಗಜಕರ್ಣಕ್ಕೆ ಕೊಡುವ ಗ್ರಿಸಿಯೋಫುಲ್ವಿನ್ ಎಲ್ಲವೂ ಬೂಷ್ಟುಗಳಿಂದ ಸಿಕ್ಕವೇ. ಗಜಕರ್ಣವೇ ಶಿಲೀಂಧ್ರದ ರೋಗ. ಅದಕ್ಕೆ ಇನ್ನೊಂದು ಶಿಲೀಂಧ್ರದ ಮದ್ದು. ನಿಮ್ಮ ಹೊಲಕ್ಕೂ ಒಂದು ಉಪಕಾರಿ ಇದೆ, ಟ್ರೈಕೋಡರ್ಮಾ. ಬೇರೆ ಶಿಲೀಂಧ್ರಗಳ ಎಳೆಗೆ ಸುತ್ತಿಕೊಂಡು ಅವುಗಳನ್ನೇ ತಿನ್ನುವ ಬೂಷ್ಟು ಅದು. ಬಿತ್ತನೆ ಬೀಜ ಕೆಜಿಗೆ 4 ಗ್ರಾಂ ಲೇಪಿಸಿ ನೆರಳಲ್ಲಿ ಆರಿಸಿ ಬಿತ್ತಿದರೆ ಎಳೆಸಸಿಯ ಕತ್ತು ಕೊಳೆ ರೋಗ ಕಡಿಮೆಯಾಗುತ್ತದೆ. ರಾಸಾಯನಿಕ ಶಿಲೀಂಧ್ರನಾಶಕದ ಜೊತೆಗೆ ಮಾತ್ರ ಬೆರೆಸಬೇಡಿ, ಅದೂ ಸಾಯುತ್ತದೆ.

ಅಡುಗೆಮನೆಯ ಬೇರೆ ಪದಾರ್ಥಗಳ ಬಗ್ಗೆ ಚುಟುಕಾಗಿ. ಬ್ರೆಡ್, ಚಪಾತಿ, ಅನ್ನ, ಮೊಸರು, ಜಾಮ್, ಮೆತ್ತನೆಯ ಹಣ್ಣು ಇವುಗಳಲ್ಲಿ ಎಳೆ ಸಲೀಸಾಗಿ ಹರಡುವುದರಿಂದ ಒಂದು ಚುಕ್ಕೆ ಕಂಡರೂ ಎಲ್ಲ ಬಿಸಾಡಿ. ಗಜ್ಜರಿ, ಎಲೆಕೋಸು, ಗಟ್ಟಿ ಚೀಸ್ ಆದರೆ ಚುಕ್ಕೆಯ ಸುತ್ತ, ಆಳಕ್ಕೂ ಸೇರಿ, ಒಂದು ಅಂಗುಲ ಕತ್ತರಿಸಿ ಉಳಿದದ್ದು ಬಳಸಬಹುದು. ಚಾಕು ಬೂಷ್ಟಿಗೆ ತಾಗದಿರಲಿ. ಕೊಬ್ಬರಿ ಬಟ್ಟಲಿನಲ್ಲಿ ಹಸಿರು, ಹಳದಿ, ಕಪ್ಪು ಯಾವುದು ಕಂಡರೂ ಇಡೀ ಬಟ್ಟಲು ಬೇಡ. ಒಣಮೆಣಸಿನಕಾಯಿಯನ್ನು ಮುರಿದು ಒಳಗೆ ನೋಡಿ, ಹೊರಗೆ ಕೆಂಪಗಿದ್ದು ಒಳಗೆ ಬೂದಿ ಬಣ್ಣದ ಬೂಷ್ಟು ಇರುವುದುಂಟು. ಮಳೆಗೆ ನೆಂದ ಜೋಳಕ್ಕೂ ಇದೇ ಎಚ್ಚರ ಬೇಕು. ಅದರಲ್ಲಿ ಫ್ಯುಸೇರಿಯಂ ಎಂಬ ಬೇರೆ ಬೂಷ್ಟು ಬೆಳೆಯುತ್ತದೆ. 1995ರಲ್ಲಿ ದಖ್ಖನ್ನಿನ ಕೆಲವು ಹಳ್ಳಿಗಳಲ್ಲಿ ಅಂಥ ಜೋಳ, ಮೆಕ್ಕೆಜೋಳ ಉಂಡವರಿಗೆ ಹೊಟ್ಟೆನೋವು, ಭೇದಿ ಹಿಡಿದಿತ್ತು.

ಮುಂದಿನ ಬೆಳೆಗೆ ಕೆಲಸ ಹೊಲದಲ್ಲೇ ಶುರುವಾಗಬೇಕು, ಏಕೆಂದರೆ ಈ ಬೂಷ್ಟು ಮಣ್ಣಿನಲ್ಲೇ ಇದ್ದು ಕಾಯಿ ಬಲಿಯುವಾಗಲೇ ಹೊಕ್ಕಿರುತ್ತದೆ. ಕೊನೆಯ ತಿಂಗಳು ಬರ ಬಿದ್ದು ಮಣ್ಣು ಕಾದರೆ ಅದಕ್ಕೆ ಹಬ್ಬ. ನೀರಿನ ಅನುಕೂಲವಿದ್ದರೆ ಆಗ ಒಂದು ಸಲವಾದರೂ ನೀರು ಹಾಯಿಸಿ. ಹೂ ಬಿಡುವ ಹೊತ್ತಿಗೆ ಎಕರೆಗೆ 200 ಕೆಜಿ ಜಿಪ್ಸಂ ಕೊಟ್ಟರೆ ಸಿಪ್ಪೆ ಗಟ್ಟಿಯಾಗುತ್ತದೆ. ಕಿತ್ತಾಗ ಕಾಯಿಯಲ್ಲಿ ಶೇ. 35ಕ್ಕೂ ಹೆಚ್ಚು ನೀರಿರುತ್ತದೆ. ಗಿಡಗಳನ್ನು ಬುಡಮೇಲು ಮಾಡಿ, ಕಾಯಿ ಮೇಲೆ ಬರುವಂತೆ ಸಾಲಾಗಿ ಹಾಕಿ ಮೂರರಿಂದ ಐದು ದಿನ ಬಿಸಿಲಿಗೆ ಬಿಡಿ. ಹಸಿ ಇರುವಾಗಲೇ ಬಣವೆ ಒಟ್ಟಿದರೆ ಒಳಗೆ ಕಾವು ಏರಿ, ಬೂಷ್ಟಿಗೆ ಬೇಕಾದ ಹದ ನಾವೇ ಮಾಡಿಕೊಟ್ಟಂತೆ. ಬಿಡಿಸಿದ ಕಾಯಿಯನ್ನು ಟಾರ್ಪಾಲಿನ ಮೇಲೆ ತೆಳುವಾಗಿ ಹರವಿ, ದಿನಕ್ಕೆ ಹಲವು ಸಲ ಕೈಯಾಡಿಸಿ, ಸಂಜೆ ಇಬ್ಬನಿ ಬೀಳುವ ಮೊದಲು ಮುಚ್ಚಿ. ಅಲ್ಲಾಡಿಸಿದರೆ ಗಲಗಲ ಎನ್ನಬೇಕು, ಬೀಜ ಕಚ್ಚಿದರೆ ಪಟ್ಟೆಂದು ಮುರಿಯಬೇಕು, ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಸುಲಿಯಬೇಕು. ಮೆಕ್ಕೆಜೋಳಕ್ಕೆ ಇನ್ನೊಂದು ಪರೀಕ್ಷೆ: ಒಣ ಗಾಜಿನ ಬಾಟಲಿಗೆ ಮೂರು ಚಮಚ ಚೆನ್ನಾಗಿ ಒಣಗಿಸಿದ ಪುಡಿ ಉಪ್ಪು, ಮೂರನೇ ಒಂದು ಭಾಗ ಕಾಳು ಹಾಕಿ ಒಂದು ನಿಮಿಷ ಕುಲುಕಿ, ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇ. 15ಕ್ಕಿಂತ ಹೆಚ್ಚಿದೆ. ಅಂಟದಿದ್ದರೆ ಸಾಕಷ್ಟು ಒಣಗಿದೆ ಎಂದಲ್ಲ, ಇನ್ನೂ ಒಂದು ದಿನದ ಬಿಸಿಲು ತೋರಿಸಿ. ಶೇಂಗಾಕ್ಕೆ ಈ ಪರೀಕ್ಷೆ ಸಾಲದು.

ಚೀಲಗಳನ್ನು ನೆಲಕ್ಕೆ, ಗೋಡೆಗೆ ತಾಗಿಸದೆ ಹಲಗೆಯ ಮೇಲೆ ಇಡಿ. ಸುಲಿದ ಬೀಜಕ್ಕಿಂತ ಸಿಪ್ಪೆ ಸಹಿತ ಕಾಯಿ ಹೆಚ್ಚು ಕಾಲ ಬಾಳುತ್ತದೆ, ಬೇಕಾದಾಗ ಬೇಕಾದಷ್ಟೇ ಸುಲಿಯಿರಿ. ಗಾಳಿಯಾಡದ ಪ್ಲಾಸ್ಟಿಕ್ ಒಳಚೀಲ ಒಳ್ಳೆಯದೇ, ಆದರೆ ಪೂರ್ತಿ ಒಣಗಿದ ಕಾಯಿಗೆ ಮಾತ್ರ. ಅರೆ ಒಣಗಿದ್ದನ್ನು ಅದರಲ್ಲಿ ಕಟ್ಟಿದರೆ ತೇವ ಹೊರಹೋಗಲು ದಾರಿಯಿಲ್ಲದೆ ನಾರಿನ ಚೀಲಕ್ಕಿಂತ ಬೇಗ ಕೆಡುತ್ತದೆ. ಈಗ ಆರಿಸಿ ತೆಗೆದ ಕೆಟ್ಟ ಕಾಯಿಗಳನ್ನು ಕೊಟ್ಟಿಗೆಯ ಹತ್ತಿರ ಸುರಿಯದೆ, ಶೇಂಗಾ ಬಿತ್ತದ ಜಾಗದಲ್ಲಿ ಎರಡು ಅಡಿ ಗುಂಡಿ ತೋಡಿ ಮಣ್ಣು ಮುಚ್ಚಿ. ಹಳೆಯ ಗೋಣಿಚೀಲಗಳನ್ನು ಕುದಿನೀರಿನಲ್ಲಿ ನೆನೆಸಿ ತೊಳೆದು, ಎರಡು ದಿನ ಒಳಹೊರಗು ಮಾಡಿ ಬಿಸಿಲಿಗೆ ಹಾಕಿದ ಮೇಲಷ್ಟೇ ಹೊಸ ಕಾಯಿ ತುಂಬಿ.